ಬಳೆಗಾರನ ರೊಟ್ಟಿ

ಭಯ ಯಾವಾಗ ಹೋಗುತ್ತೆ ಅಂತ ನನ್ನ ಕೇಳಿದ್ರೆ ನಾನೇನಯ್ಯಾ ಹೇಳಲಿ? ಬರುವಾಗ ಅದು ನನ್ನ ಕೇಳಿ ಬಂತಾ, ಹೋಗುವಾಗ ಹೇಳಿ ಹೋಗೋಕೆ? ಮೊದಲು ಭಯ ಹೋಗಲಿ ಗುರುಗಳೇ, ಆಮೇಲೆ ಜನದ ಮುಂದೆ ಕೂತು ಪ್ರವಚನ ಹೇಳ್ತೀನಿ ಅಂತೀಯ. ಅಲ್ಲೀವರೆಗೂ ಕಾಯ್ತಾ ಕೂರೋಕೆ ಆ ಜನಕ್ಕೆ ಮನೆ ಮಠ ಇಲ್ವಾ? ಬಾ ಶಂಭುಲಿಂಗ, ಕೂತ್ಕೋ. ಆ ಹೂಬುಟ್ಟಿ ಮೊದಲು ಕೆಳಗಿಡು, ಕೈ ನಡುಗಿ ಅರ್ಧ ಹೂವು ದಾರೀಲೇ ಚೆಲ್ಲಿದೀಯ.

ಒಬ್ಬ ಬಳೆಗಾರ ಇದ್ದ. ಗಾಜಿನ ಬಳೆ ಪೋಣಿಸಿದ ಮಲಾರ ಹೆಗಲಿಗೆ ಹಾಕ್ಕೊಂಡು ಊರೂರು ತಿರುಗ್ತಿದ್ದ. ಕೆಲಸದಲ್ಲಿ ಅವನಂಥ ಕೈ ಸುತ್ತಮುತ್ತ ಇರಲಿಲ್ಲ. ಎಂಥ ಒರಟು ಕೈಯನ್ನೂ ಹೂವಿನ ಹಾಗೆ ಮಡಿಸಿ ಬಳೆ ಏರಿಸ್ತಿದ್ದ. ತೊಂದರೆ ಒಂದೇ. ನಾಯಿ ಕಂಡ್ರೆ ಅವನಿಗೆ ಜೀವ ಹೋಗ್ತಿತ್ತು. ಬಳೆ ತೊಡಿಸೋದು ಮನೆ ಜಗಲಿ ಮೇಲೆ. ನಾಯಿ ಮಲಗೋದೂ ಅಲ್ಲೇ.

ಅದಕ್ಕೆ ಅವನೊಂದು ಉಪಾಯ ಮಾಡಿದ. ಸೊಂಟದ ಚೀಲದಲ್ಲಿ ರೊಟ್ಟಿ ಇಟ್ಕೊಳ್ಳೋದು. ನಾಯಿ ಕಂಡ ಕೂಡಲೇ ಒಂದು ತುಂಡು ದೂರ ಎಸೆಯೋದು. ಅದು ಆ ಕಡೆ ಓಡಿದ್ರೆ ಇವನು ಈ ಕಡೆ ಓಡೋದು. ಉಪಾಯ ಬಹಳ ಚೆನ್ನಾಗಿ ಫಲಿಸ್ತು, ನಾಯಿಗಳಿಗೆ. ಸ್ವಲ್ಪ ದಿನದಲ್ಲೇ ಅವನು ಯಾವ ಊರಿಗೆ ಕಾಲಿಟ್ರೂ ಆ ಊರಿನ ನಾಯಿಗಳೆಲ್ಲ ಬಾಲ ಅಲ್ಲಾಡಿಸ್ತಾ ಎದುರುಗೊಳ್ಳೋಕೆ ಬರೋ ಹಾಗಾಯ್ತು. ಬಳೆ ಬೇಕಾದ ಹೆಂಗಸರು ಅವನ ಕೂಗಿಗೆ ಕಾಯ್ತಿರಲಿಲ್ಲ, ಮೆರವಣಿಗೆ ನೋಡಿ ಹೊರಗೆ ಬರ್ತಿದ್ರು.

ಹಿಂಗಿರುವಾಗ ಅವನ ಮಗಳು ಬಸುರಿಯಾದಳು. ಏಳನೇ ತಿಂಗಳಲ್ಲಿ ಬಸುರಿಗೆ ಬಳೆ ತೊಡಿಸೋ ಶಾಸ್ತ್ರ ಗಂಡನ ಮನೇಲಿ ಅಂತ ನಿಶ್ಚಯವಾಯ್ತು. ಮಗಳು ಹೇಳಿ ಕಳಿಸಿದ್ಲು: "ಅಪ್ಪಾ, ಕಂಡೋರ ಹೆಣ್ಣುಮಕ್ಕಳಿಗೆಲ್ಲ ತೊಡಿಸಿದೀಯ. ನನಗೂ ನೀನೇ ತೊಡಿಸಬೇಕು. ಬೇರೆ ಬಳೆಗಾರ ಬಂದ್ರೆ ನಾನು ಕೈ ಚಾಚಲ್ಲ."

ಆ ಮನೇಲಿ ಕರು ಗಾತ್ರದ ನಾಯಿ ಇತ್ತು. ಮಗಳ ಮದುವೆಯಾದ ಮೇಲೆ ಅವನು ಆ ಹೊಸ್ತಿಲು ದಾಟಿದ್ದೇ ಇಲ್ಲ. ಬೀದೀಲೇ ನಿಂತು "ಚೆನ್ನಾಗಿದೀಯೇನವ್ವಾ" ಅಂತ ಕೂಗಿ ವಾಪಸ್ ಬರ್ತಿದ್ದ. ಬೀಗರು ಇವನಿಗೆ ಬಹಳ ಬಿಂಕ ಅಂದ್ಕೊಂಡಿದ್ರು.

ಅವನ ತಾಯಿ ಕಾಲು ಬಾರದ ಮುದುಕಿ, ಒಲೆ ಬಿಟ್ಟು ಎಲ್ಲೂ ಹೋಗೋಳಲ್ಲ. ನಾಯಿಗಳು ತಿಂದ ರೊಟ್ಟಿಯೆಲ್ಲ ತಟ್ಟಿದ್ದು ಅವಳೇ. ಮಗನಿಗೆ ಹಸಿವು ಹೆಚ್ಚಾಗಿದೆ ಅಂತ ಖುಷಿಯಾಗಿದ್ಲು. ಈಗ ಅವನು ಎಲ್ಲ ಬಾಯಿಬಿಟ್ಟ.

"ಭಯ ಹೋದ ಮೇಲೆ ಹೋಗ್ತೀನಿ ಕಣವ್ವ."

"ಅಷ್ಟೊತ್ತಿಗೆ ಮೊಮ್ಮಗಳಿಗೇ ಬಳೆ ತೊಡಿಸಬೇಕಾಗುತ್ತೆ," ಅಂದ್ಲು ಮುದುಕಿ. "ರೊಟ್ಟಿ ಹಾಕಿದ್ಯಲ್ಲ, ನಾಯಿ ನಿನ್ನ ಬಿಡ್ತಾ?"

"ಇಲ್ಲ. ಹಿಂದೇನೇ ಬರುತ್ತೆ."

"ಭಯಾನೂ ಹಂಗೇ ಕಣೋ. ನೀನು ಓಡಿದಾಗಲೆಲ್ಲ ಅದಕ್ಕೊಂದು ರೊಟ್ಟಿ. ಇವತ್ತಿಂದ ಎರಡಕ್ಕೂ ಹಾಕಬೇಡ."

ಪಕ್ಕದ ಬೀದೀಲಿ ಒಂದು ಮುದಿ ನಾಯಿ ಇತ್ತು. ಅದರ ಬಾಯಲ್ಲಿ ಹಲ್ಲಿಗಿಂತ ಆಕಳಿಕೆ ಜಾಸ್ತಿ. ಮುದುಕಿ ಮಗನನ್ನ ಅಲ್ಲಿಗೆ ಕಳಿಸಿದ್ಲು. ಎದುರು ಮನೆ ಕಟ್ಟೆ ಮೇಲೆ ಕೂತು ನಾಯೀನ ನೋಡ್ತಾ ಇರಬೇಕು, ಎದೆ ಹೊಡ್ಕೊಳ್ಳೋದು ಇಳಿಯೋವರೆಗೂ ಏಳಬಾರದು. ಇಷ್ಟೇ ಕಟ್ಟಳೆ. ಅವನು ಬೆವರ್ತಾ ಕೂತ. ಹೊಡ್ಕೊಂಡು ಹೊಡ್ಕೊಂಡು ಕೊನೆಗೆ ಎದೆಗೇ ಸಾಕಾಯ್ತು, ತಾನಾಗೇ ಇಳೀತು. ಮಾರನೇ ದಿನ ಸ್ವಲ್ಪ ಬೇಗ ಇಳೀತು. ಆಮೇಲೆ ಬೀದಿ ದಾಟಿ ಕೂತ. ಅಷ್ಟರಲ್ಲಿ ನಾಯಿ ಬಾಯಿ ತೆಗೆದು ಆಕಳಿಸ್ತು ನೋಡು, ಇವನು ಎದ್ದು ಓಡಿದ. ಮಲಾರ ಬೇಲಿಗೆ ಸಿಕ್ಕಿ ಒಂದು ಹಬ್ಬಕ್ಕಾಗೋಷ್ಟು ಬಳೆ ಚೂರಾಯ್ತು. ನಾಯಿ ಬಾಯಿ ಮುಚ್ಚಿ ಮಲಗ್ತು.

ಮುದುಕಿ ಬೈಲಿಲ್ಲ. "ನಾಳೆ ಮಲಾರ ಬಿಟ್ಟು ಹೋಗು. ಆದ್ರೆ ಹೋಗು," ಅಂದ್ಲು.

ಹೋದ. ಅದು ಕಣಯ್ಯ ದೊಡ್ಡದು! ಹೆದರಿಕೆ ಇಲ್ಲದೋನು ಹೋಗಿದ್ರೆ ಅದರಲ್ಲೇನಿದೆ, ಎಮ್ಮೇನೂ ಹೋಗುತ್ತೆ. ಇವನು ಊರೆಲ್ಲ ನಗ್ತಿರೋವಾಗ, ನಿನ್ನೆ ಓಡಿಬಂದ ಜಾಗಕ್ಕೇ ಇವತ್ತು ನಡ್ಕೊಂಡು ಹೋದ. ನಾನಾಗಿದ್ರೆ ಬೇರೆ ಬೀದಿ ಹುಡುಕ್ತಿದ್ದೆ.

ಹಿಂಗೇ ಹತ್ರ ಹತ್ರ ಹೋಗಿ, ಒಂದಿನ ಆ ಮುದಿ ನಾಯಿ ಪಕ್ಕದಲ್ಲೇ ಕೂತು ಅದರ ಬೆನ್ನ ಮೇಲೆ ಕೈಯಿಟ್ಟ. ಆಮೇಲೆ ಪ್ರಾಯದ ನಾಯಿ, ಆಮೇಲೆ ಬೊಗಳೋ ನಾಯಿ. ಊರಿನ ಹಳೇ ಮೆರವಣಿಗೆಯವು ಸ್ವಲ್ಪ ದಿನ ಹಿಂದೆ ಬಂದ್ವು, ಸೊಂಟದ ಚೀಲ ಮೂಸಿ ನೋಡಿದ್ವು, ಬೇಜಾರಾಗಿ ಬಿಟ್ವು.

ಶಾಸ್ತ್ರದ ದಿನ ಬಂತು. ಹೆಂಡತಿ ಹಿಂದಿನ ದಿನಾನೇ ಮಗಳ ಮನೆ ಸೇರಿದ್ಲು. ಬಳೆಗಾರ ಒಬ್ಬನೇ ಹೋಗಿ ಆ ಮನೆ ಮುಂದೆ ನಿಂತ. ಕರು ಗಾತ್ರದ್ದು ಎದ್ದು ಬಂತು. ಇವನು ಎಸೀಲಿಲ್ಲ, ಓಡಲಿಲ್ಲ. ಅದು ಕಾಲು ಮೂಸ್ತು, ಮೊಣಕಾಲು ಮೂಸ್ತು, ಅವನ ಜೊತೇಲೇ ಜಗಲಿ ಹತ್ತಿ ಪಕ್ಕದಲ್ಲೇ ಮಲಗ್ತು. ಬೀಗರು ಬೆಲ್ಲ ನೀರು ತಂದಿಟ್ರು. ಮಗಳು ಎದುರು ಕೂತು ಕೈ ಚಾಚಿದಳು. ಅವನ ಬೆರಳು ನಡುಗೋದು ಅವಳಿಗೆ ಗೊತ್ತಾಯ್ತು. ಒಂದು ಕೈ ಹಸಿರಾದ ಮೇಲೆ ಇನ್ನೊಂದು ಚಾಚಿದಳು.

ಮನೆಗೆ ಬಂದು ಮಲಾರ ಇಳಿಸಿ, ಒಲೆ ಮುಂದೆ ಕೂತ ತಾಯಿ ಹತ್ರ ಮುಖ ಸಣ್ಣದು ಮಾಡ್ಕೊಂಡು ಹೇಳಿದ: "ಮೊದಲಿನಷ್ಟಿಲ್ಲ ಕಣವ್ವ. ಆದ್ರೂ ಭಯ ಪೂರ್ತಿ ಹೋಗಿರಲಿಲ್ಲ. ಕಡೇ ಬಳೆವರೆಗೂ ಕೈ ನಡುಗ್ತಾನೇ ಇತ್ತು."

ಅದಕ್ಕೆ ಆ ಮುದುಕಿ ಏನಂದ್ಲು ಗೊತ್ತೇನಯ್ಯಾ ಶಂಭುಲಿಂಗ?

"ಒಂದು ಬಳೆಯಾದ್ರೂ ಒಡೀತಾ?"