ವಾಸ್ತುಪುರುಷನ ಹೆಬ್ಬೆರಳು

ಕಗ್ಗಲಕೋಟೆಯ ದೊರೆ ಮುದ್ದಯ್ಯ ನಾಯಕರಿಗೆ ಸೋಮವಾರ ಬೆಳಗ್ಗೆ ಬಿಕ್ಕಳಿಕೆ ಬಂತು. ತಕ್ಷಣ ಕೋಟೆಯ ಬಾಗಿಲು ಹಾಕಿಸಲಾಯಿತು. ಗಡಿಗೆ ದೂತರು ಓಡಿದರು.

ಬಿಕ್ಕಳಿಕೆ ಶುರುವಾದದ್ದು ಹೊಸ ಧ್ಯಾನಮಂದಿರದಲ್ಲಿ. ಒಳಗೆ ಕೂತ ಕೂಡಲೇ ಮನಸ್ಸು ಬಯಲಾಗುತ್ತದೆ ಎಂದು ಭರವಸೆ ಕೊಟ್ಟು ಅದನ್ನು ಕಟ್ಟಿಸಿದವರು ವಾಸ್ತುಪಂಡಿತ ಗುಂಡಾವಧಾನಿಗಳು. ಆದರೆ ದೊರೆಯ ಓಂಕಾರ ಪ್ರತಿಸಲವೂ ಅರ್ಧಕ್ಕೆ "ಹಿಕ್" ಎಂದು ಮುಗಿಯುತ್ತಿತ್ತು.

"ಮಂದಿರದಲ್ಲಿ ದೋಷವಿಲ್ಲ," ಎಂದರು ಅವಧಾನಿಗಳು. "ಕೋಟೆ ಅಂದರೆ ಬರೀ ಕಲ್ಲಲ್ಲ ಪ್ರಭು, ಚೈತನ್ಯ. ಅಡಿಯಲ್ಲಿ ವಾಸ್ತುಪುರುಷ ಮಲಗಿದ್ದಾನೆ. ಈಶಾನ್ಯಕ್ಕೆ ತಲೆ, ನೈಋತ್ಯಕ್ಕೆ ಕಾಲು. ಅವನಿಗೆ ಆದದ್ದೆಲ್ಲ ದೊರೆಗೂ ಆಗುತ್ತದೆ. ಈಗ ಅವನ ಎದೆಯ ಮೇಲೆ ಒಂದು ಮನೆ ಕೂತಿದೆ. ಕೆಡವಿಸಬೇಕು."

"ಯಾರದು?"

"ಓಬಣ್ಣನದು."

ಓಬಣ್ಣ ಆಸ್ಥಾನದ ವಿದೂಷಕ. ಹಿಂದಿನ ವಾರವಷ್ಟೇ ಸೂರಿಗೆ ಹೊಸ ಹೆಂಚು ಹೊದಿಸಿದ್ದ. ಹೆಂಡತಿಗೆ ಏನು ಹೇಳುವುದೆಂದು ಮೊದಲು ಯೋಚಿಸಿದ. ಆಮೇಲೆ ದೊರೆಗೆ ಕೈಮುಗಿದ.

"ಧಾರಾಳವಾಗಿ ಕೆಡವಲಿ ಪ್ರಭು. ಅವಧಾನಿಗಳೇ, ಹಾರೆಯಲ್ಲೋ, ಗುದ್ದಲಿಯಲ್ಲೋ?"

"ಎರಡರಲ್ಲೂ."

"ಎದೆಯ ಮೇಲೇ?"

ದೊರೆ ಮೆಲ್ಲಗೆ ತಮ್ಮ ಎದೆ ಮುಟ್ಟಿಕೊಂಡರು. "ನೋಯುತ್ತದೇನ್ರೀ ಅವಧಾನಿಗಳೇ?"

"ಅಷ್ಟೇನೂ... ಇರಲಾರದು."

"ಇರಲಾರದು ಅಂದರೆ?"

"ಪರೀಕ್ಷೆ ಮಾಡಿಬಿಡೋಣ," ಎಂದ ಓಬಣ್ಣ. "ಒಮ್ಮೆಗೇ ಎದೆಗೆ ಕೈಹಾಕುವುದು ಬೇಡ. ಮೊದಲು ಕಾಲಿನ ಹೆಬ್ಬೆರಳು. ನೈಋತ್ಯದ ಮೂಲೆಯಲ್ಲಿ ಯಾರ ಮನೆ ಇದೆ?"

ಅವಧಾನಿಗಳು ಸೂರು ನೋಡಿದರು. "ನಮ್ಮದೇ. ಹೆಬ್ಬೆರಳಿಗೆ ಬರುವುದು ಬಚ್ಚಲು ಮಾತ್ರ."

ದೊರೆಯ ಬಲಗಾಲನ್ನು ರೇಷ್ಮೆ ದಿಂಬಿನ ಮೇಲಿಡಲಾಯಿತು. ಪಕ್ಕದಲ್ಲಿ ವೈದ್ಯರು ಕೂತರು. ದೂರದಲ್ಲಿ ಧಡಾರ್ ಎಂದು ಗೋಡೆ ಬಿತ್ತು. ಅವಧಾನಿಗಳ ಪತ್ನಿಯ ಮಾತುಗಳು ಆಸ್ಥಾನದವರೆಗೂ ಕೇಳಿಸಿದವು. ಅವು ಸಂಸ್ಕೃತದಲ್ಲಿರಲಿಲ್ಲ.

ದೊರೆ ಹೆಬ್ಬೆರಳು ಆಡಿಸಿ ನೋಡಿದರು. "ಏನೂ ಆಗಲಿಲ್ಲವಲ್ಲೋ ಓಬಣ್ಣ. ಹಿಕ್."

"ಹಾಗಾದರೆ ಕೆಳಗೆ ಮಲಗಿರುವವನಿಗೂ ತಮಗೂ ಸಂಬಂಧವಿಲ್ಲ ಪ್ರಭು. ಕಾಲ ಮೇಲೆ ಗೋಡೆ ಬಿದ್ದರೂ ಅವನು ಮಿಸುಕಲಿಲ್ಲ ನೋಡಿ. ಈ ಕೋಟೆಯಲ್ಲಿ ಧ್ಯಾನ ಕೈಗೂಡಿರುವುದು ಅವನೊಬ್ಬನಿಗೇ."

ದೊರೆ ದಿಂಬು ಉರುಳುವಷ್ಟು ನಕ್ಕರು. ಓಬಣ್ಣನ ಮನೆ ಉಳಿಯಿತು. ಬಿಕ್ಕಳಿಕೆ ಬುಧವಾರ ತಾನಾಗಿ ನಿಂತಿತು. ಗೋಡೆ ಮತ್ತೆ ಏಳುವ ತನಕ ಅವಧಾನಿಗಳು ಸ್ನಾನಕ್ಕೆ ಓಬಣ್ಣನ ಮನೆಗೆ ಬರುತ್ತಿದ್ದರು.