ಕಪ್ಪು ಬಕದ ಕೊಡೆ

ಲೋಕ ಇನ್ನೂ ಹೊಸದಾಗಿದ್ದಾಗ, ಆಫ್ರಿಕಾದ ಈ ಸರೋವರದ ದಂಡೆಯಲ್ಲಿ ಒಂದು ಮರವೂ ಇರಲಿಲ್ಲ. ಸೂರ್ಯನಿಗೋ ಎಷ್ಟು ದೂರದಲ್ಲಿರಬೇಕೆಂದು ಗೊತ್ತಿರಲಿಲ್ಲ. ಮುಖ ನೋಡಿಕೊಳ್ಳಲು ನೀರಿನ ಹತ್ತಿರಕ್ಕೇ ಬಂದುಬಿಡುತ್ತಿದ್ದ, ಜಂಬಗಾರ! ನೀರಾನೆಗಳೇನೋ ಆಳಕ್ಕೆ ಹೋಗಿ ಮುಳುಗಿ ಕೂತವು. ದೊಡ್ಡ ಮೀನುಗಳ ಬಾಯಿಗೆ ಹೆದರಿ ದಡದಲ್ಲೇ ಇರುವ ಪುಟಾಣಿ ಮೀನುಗಳು ಎಲ್ಲಿಗೆ ಹೋಗಬೇಕು, ಹೇಳು ಪುಟ್ಟೀ?

ದಡದಲ್ಲಿ ಒಂದು ಕಪ್ಪು ಬಕ ನಿಂತಿತ್ತು. ಆಗ ಅದು ಬರೀ ಹುಳಹುಪ್ಪಟೆ ತಿನ್ನುತ್ತಿತ್ತು. ಬಕಧ್ಯಾನ ಅಂತ ನಾವು ಅಣಕಿಸುತ್ತೇವಲ್ಲ, ಆ ಕಪಟ ಅದಕ್ಕಿನ್ನೂ ಬಂದಿರಲಿಲ್ಲ.

“ಬಕಣ್ಣಾ, ಸುಡ್ತಿದೆ,” ಅಂದವು ಮೀನುಗಳು. “ಸ್ವಲ್ಪ ನೆರಳು ಕೊಡ್ತೀಯಾ?”

“ಅದಕ್ಕೇನಂತೆ, ಬನ್ನಿ,” ಅಂದಿತು ಬಕ. ಎರಡೂ ರೆಕ್ಕೆಗಳನ್ನು ಮುಂದಕ್ಕೆ ತಂದು ಕೊಡೆಯಂತೆ ಬಿಚ್ಚಿತು.

ದಿನಾ ಮಧ್ಯಾಹ್ನ ಹೀಗೇ. ಎಲ್ಲರಿಗಿಂತ ಚಿಕ್ಕ ಮೀನು ಮಿಣುಕಿ. ಅವಳು ಬಕದ ಹಳದಿ ಬೆರಳಿಗೆ ಒರಗಿ ನಿದ್ದೆ ಮಾಡುತ್ತಿದ್ದಳು.

“ಬಕಣ್ಣಾ, ರೆಕ್ಕೆ ನೋಯಲ್ವಾ?”

“ಇಲ್ಲ ಕಣೇ, ಮಲಕ್ಕೋ.”

ನೋಯುತ್ತಿತ್ತು.

ಬಿಸಿಲಿಗೆ ಹುಳಗಳೆಲ್ಲ ಸತ್ತವು. ಬಕದ ಹೊಟ್ಟೆ ಬೆನ್ನಿಗೆ ಹತ್ತಿತು. ಆದರೂ ಅದು ಕೊಡೆ ಬಿಚ್ಚುವುದನ್ನು ಬಿಡಲಿಲ್ಲ. ಒಳ್ಳೆಯದೇ ಅದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಹೊಟ್ಟೆ ಕೇಳಬೇಕಲ್ಲ! ಒಂದು ಮಧ್ಯಾಹ್ನ ಬೆರಳಿನ ಹತ್ತಿರ ಏನೋ ಮಿನುಗಿತು. ಕೊಕ್ಕು ತಾನಾಗಿ ಬಗ್ಗಿತು. ಗುಳುಂ.

ನೆರಳಿನ ಕತ್ತಲಲ್ಲಿ ಯಾರಿಗೂ ಕಾಣಲಿಲ್ಲ.

“ಬಕಣ್ಣಾ, ನಮ್ಮ ಮಿಣುಕಿ ಎಲ್ಲಿ?” ಅಂದವು ಮೀನುಗಳು, ನಂಬಿಕೆಯಿಂದಲೇ.

ಬಕ ನಾಚಿಕೆಯಿಂದ ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿಕೊಂಡಿತು. ಆದರೆ ಗಾಳಿ ಎಲ್ಲವನ್ನೂ ನೋಡಿತ್ತು. “ಬೇಲಿಯೇ ಎದ್ದು ಹೊಲ ಮೇಯ್ತಲ್ಲೋ! ಮಿಣುಕಿಯನ್ನ ಬಕವೇ ನುಂಗ್ತಲ್ಲೋ!” ಎಂದು ದಂಡೆಯುದ್ದಕ್ಕೂ ಕೂಗಿಕೊಂಡು ಹೋಯಿತು.

ಮೀನುಗಳು ಚೆದುರಿ ಓಡಿದವು. ಮರುದಿನ ಸೂರ್ಯ ಮತ್ತೆ ಬಂದ. ಬೇರೆ ನೆರಳು ಎಲ್ಲಿತ್ತು? ಒಂದೊಂದೇ ಮರಳಿ ಬಂದವು. ಬಕ ಅತ್ತಿತು. ಅಳುತ್ತಲೇ ತಿಂದಿತು.

ಅದು ಕೆಟ್ಟ ಹಕ್ಕಿಯಾ ಅಜ್ಜಾ ಅಂತ ಕೇಳಬೇಡ. ಇಷ್ಟು ವಯಸ್ಸಾಯಿತು, ನನಗೂ ಗೊತ್ತಿಲ್ಲ.

ತಗೋ, ಈಗ ದುರ್ಬೀನು ಹಿಡಿ. ಆ ಜೊಂಡಿನ ಪಕ್ಕ ನೋಡು. ಕಪ್ಪು ಬಕ ತಲೆ ಮುಚ್ಚಿಕೊಂಡು ಕೊಡೆ ಬಿಚ್ಚುತ್ತದೆ, ಒಂದು ತುತ್ತು ನುಂಗುತ್ತದೆ, ತಟ್ಟನೆ ಕೊಡೆ ಮಡಚಿ ನಾಲ್ಕು ಹೆಜ್ಜೆ ಆಚೆ ಓಡುತ್ತದೆ. ನಿಂತಲ್ಲೆಲ್ಲ ಮೀನುಗಳು “ಮಿಣುಕಿ ಎಲ್ಲಿ?” ಅಂತ ಕೇಳುತ್ತವಂತೆ, ಅದಕ್ಕೇ ಇವತ್ತಿಗೂ ಆ ಹಕ್ಕಿ ಒಂದೇ ಕಡೆ ನಿಲ್ಲುವುದಿಲ್ಲ.