ಅಶ್ಲೀಲವಾದ ಆಸ್ಪತ್ರೆ

ದಾವಣಗೆರೆಯ ಔಷಧಿ ಕಂಪನಿಯೊಂದರಲ್ಲಿ ಅಂಬುಜಾಕ್ಷಿ ಎಂಬ ಗುಮಾಸ್ತೆ ಇದ್ದಳು. ಆಸ್ಪತ್ರೆಗಳ ವೆಬ್‌ಸೈಟ್‌ಗಳಲ್ಲಿ ಬೇಡಿಕೆ ನೋಡಿ ಔಷಧಿ ಕಳಿಸುವುದು ಅವಳ ಕೆಲಸ. ಒಂದು ಬೆಳಿಗ್ಗೆ ಸ್ತನ ಕ್ಯಾನ್ಸರ್ ಆಸ್ಪತ್ರೆಯೊಂದರ ವೆಬ್‌ಸೈಟ್ ತೆರೆಯಲು ಹೋದರೆ ಪರದೆಯ ಮೇಲೆ ಕೆಂಪಕ್ಷರ ಬಂತು: ‘ಅಶ್ಲೀಲ. ತಡೆಹಿಡಿಯಲಾಗಿದೆ.’ ಆ ಆಸ್ಪತ್ರೆಯಲ್ಲಿ ಹನ್ನೊಂದು ಹೆಂಗಸರು ಅಂದಿನ ಔಷಧಿಗೆ ಕಾದು ಮಲಗಿದ್ದರು.

ಅವಳು ನೆಟ್‌ವರ್ಕ್ ಮ್ಯಾನೇಜರ್ ರುದ್ರಮುನಿಯವರ ಬಳಿಗೆ ಓಡಿದಳು.

“ಸಾರ್, ಅದು ಆಸ್ಪತ್ರೆ. ‘ಸ್ತನ’ ಅನ್ನೋ ಪದ ನೋಡಿ ನಮ್ಮ ಫಿಲ್ಟರ್ ಯಂತ್ರ ತಡೆದಿದೆ. ದಯವಿಟ್ಟು ತೆರೆದುಕೊಡಿ.”

ರುದ್ರಮುನಿಯವರು ತಲೆಯನ್ನೇ ಎತ್ತಲಿಲ್ಲ. “ನೋಡಮ್ಮ, ನಾನು ತರಿಸಿದ ಯಂತ್ರ ತಪ್ಪು ಮಾಡಲ್ಲ. ಅದು ಅಶ್ಲೀಲ ಅಂದ್ರೆ ಅಶ್ಲೀಲವೇ.”

ಅಂಬುಜಾಕ್ಷಿ ವಾದಕ್ಕಿಳಿಯಲಿಲ್ಲ. ಹತ್ತೇ ನಿಮಿಷದಲ್ಲಿ ಒಂದು ಪತ್ರ ಬರೆದು ತಂದು, ಇಡೀ ಆಫೀಸಿಗೆ ಕೇಳುವಂತೆ ಓದಿದಳು: “ಮಾನ್ಯ ವೈದ್ಯರೇ, ತಮ್ಮ ಆಸ್ಪತ್ರೆ ಅಶ್ಲೀಲವೆಂದು ನಮ್ಮ ರುದ್ರಮುನಿಯವರು ತೀರ್ಮಾನಿಸಿರುವುದರಿಂದ ಇಂದು ಔಷಧಿ ಕಳಿಸಲಾಗುತ್ತಿಲ್ಲ.” ಆಮೇಲೆ ಪೆನ್ನು ಚಾಚಿದಳು. “ಇಲ್ಲೊಂದು ಸಹಿ ಹಾಕಿ ಸಾರ್.”

“ಅಯ್ಯೋ, ಹಾಗಂದಿದ್ದು ನಾನಲ್ಲಮ್ಮ, ಯಂತ್ರ!”

“ಅದರ ಹತ್ರನೇ ಸಹಿ ಹಾಕಿಸೋಣ ಅಂದ್ರೆ ಅದಕ್ಕೆ ಕೈಯಿಲ್ಲವಲ್ಲ ಸಾರ್!”

ಆಫೀಸೆಲ್ಲ ಗೊಳ್ಳೆಂದು ನಕ್ಕಿತು. ರುದ್ರಮುನಿಯವರ ಕಿವಿ ಕೆಂಪಾಯಿತು. ಅವರು ಕೀಬೋರ್ಡ್ ಎಳೆದುಕೊಂಡರು. ಎರಡೇ ನಿಮಿಷಕ್ಕೆ ಪರದೆಯ ಮೇಲೆ ಆಸ್ಪತ್ರೆಯ ಬಾಗಿಲು ತೆರೆಯಿತು, ಮಧ್ಯಾಹ್ನ ಹನ್ನೆರಡಕ್ಕೆ ಔಷಧಿಯ ವ್ಯಾನು ಗೇಟು ದಾಟಿತು.

ಅಂಬುಜಾಕ್ಷಿ ತನ್ನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಆವತ್ತು ಅವಳ ಮೇಜಿಗೆ ಚಹಾ ತಂದಿಟ್ಟವರು ಸ್ವತಃ ರುದ್ರಮುನಿಯವರು. ಮೆಲ್ಲಗೆ ಕೇಳಿದರು: “ಸಕ್ಕರೆ ಸಾಕಾ, ನೋಡಮ್ಮ.”